ಒಂದು ಹಳೇ ಉಣ್ಣೆ ಜರ್ಸಿಗೆ 200 ಕೋಟಿ: ಬೇಸ್‌ಬಾಲ್ ಆಟಗಾರರು ತೊಟ್ಟು ಆಡಿದ ಸಾಮಾನಿಗೆ ಬೆಲೆ ಕಟ್ಟೋದು ಯಾರು, ಹೇಗೆ?

2024ರ ಆಗಸ್ಟ್ ಕೊನೇಲಿ ಅಮೆರಿಕದ ಹೆರಿಟೇಜ್ ಆಕ್ಷನ್ಸ್ ಅನ್ನೋ ಹರಾಜು ಕಂಪನಿ ಒಂದು ಬೂದು ಬಣ್ಣದ ಹಳೇ ಉಣ್ಣೆ ಅಂಗಿ ಮಾರ್ತು, ಬೆಲೆ 2 ಕೋಟಿ 41 ಲಕ್ಷ ಡಾಲರ್, ಅಂದ್ರೆ ಆಗಿನ ಲೆಕ್ಕದಲ್ಲಿ ಹತ್ರಹತ್ರ 200 ಕೋಟಿ ರೂಪಾಯಿ. ಬೇಬ್ ರೂತ್ ಅನ್ನೋ ಬೇಸ್‌ಬಾಲ್ ಆಟಗಾರ 1932ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದ್ರೆ ಆ ವರ್ಷದ ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ಫೈನಲ್ ಸರಣಿಯಲ್ಲಿ, ಹಾಕ್ಕೊಂಡಿದ್ದು ಅದು. ಅಲ್ಲಿವರೆಗೆ ಆಟಕ್ಕೆ ಸಂಬಂಧಪಟ್ಟ ಯಾವ ವಸ್ತುವಿಗೂ ಇಷ್ಟು ಬೆಲೆ ಬಂದಿರ್ಲಿಲ್ಲ. ಅದಕ್ಕೆ ಮುಂಚಿನ ರೆಕಾರ್ಡ್ 2022ರಲ್ಲಿ 1.26 ಕೋಟಿ ಡಾಲರಿಗೆ ಹೋದ ಮಿಕಿ ಮ್ಯಾಂಟಲ್ ಅನ್ನೋ ಆಟಗಾರನ ಬೇಸ್‌ಬಾಲ್ ಕಾರ್ಡ್‌ದು (ಆಟಗಾರನ ಚಿತ್ರ ಇರೋ, ಜನ ಕೂಡಿಡೋ ಚೀಟಿ), ಈ ಜರ್ಸಿ ಅದರ ಎರಡರಷ್ಟಕ್ಕೆ ಹತ್ರ ಹೋಯ್ತು.

ಸುದ್ದಿ ನಮ್ಮಲ್ಲೂ ಓಡಾಡ್ತು, ಓದಿದೋರಿಗೆ ಅರ್ಥ ಆಗದೇ ಇರೋದು ಸಹಜ, ಯಾಕಂದ್ರೆ ಇದೇ ಜರ್ಸಿ 2005ರಲ್ಲೂ ಹರಾಜಾಗಿತ್ತು, ಆಗ ಬಂದಿದ್ದು 9 ಲಕ್ಷ 40 ಸಾವಿರ ಡಾಲರ್. ಅದೇ ಬಟ್ಟೆ, ಅದೇ ಹೊಲಿಗೆ, ಅದೇ ಕಲೆ, 19 ವರ್ಷದಲ್ಲಿ 25 ಪಟ್ಟು ಬೆಲೆ. ರೂತ್ ತೀರಿಕೊಂಡಿದ್ದು 1948ರಲ್ಲಿ, ಅವರು ಹೊಸದಾಗಿ ಏನೂ ಸಾಧಿಸಿಲ್ಲ. ಹಾಗಾದ್ರೆ ಬದಲಾಗಿದ್ದು ಏನು? ಶ್ರೀಮಂತರ ಹತ್ರ ದುಡ್ಡು ಜಾಸ್ತಿ ಆಯ್ತು ಅನ್ನೋದು ಅರ್ಧ ಉತ್ತರ ಅಷ್ಟೇ. ಉಳಿದರ್ಧ ಇರೋದು ಸಾಕ್ಷಿಯಲ್ಲಿ. ಈ ಮಾರ್ಕೆಟ್‌ನಲ್ಲಿ ಜನ ನಿಜವಾಗಿ ಕೊಂಡ್ಕೊಳ್ಳೋದು ಬಟ್ಟೇನ ಅಲ್ಲ, ಆ ಬಟ್ಟೆ ಆ ದಿನ ಆ ಮೈ ಮೇಲಿತ್ತು ಅನ್ನೋ ಸಾಕ್ಷೀನ. ಆ ಸಾಕ್ಷಿ ಹುಡುಕೋ ವಿಧಾನ ಈಚೆಗೆ ಪೂರ್ತಿ ಬದಲಾಗಿದೆ, ಅದರ ಪರಿಣಾಮ ಎಲ್ಲಾ ಒಳ್ಳೇದೇ ಅಂತ ಹೇಳೋಕೆ ಆಗಲ್ಲ.

ಆವತ್ತು ನಡೆದಿದ್ದೇನು

1932ರ ಅಕ್ಟೋಬರ್ 1, ಶಿಕಾಗೋದ ರಿಗ್ಲಿ ಫೀಲ್ಡ್. ನ್ಯೂಯಾರ್ಕ್ ಯಾಂಕೀಸ್ ಮತ್ತು ಶಿಕಾಗೋ ಕಬ್ಸ್ ನಡುವಿನ ವರ್ಲ್ಡ್ ಸೀರೀಸ್‌ನ ಮೂರನೇ ಪಂದ್ಯ. ಐದನೇ ಇನ್ನಿಂಗ್ಸ್, ಸ್ಕೋರ್ 4-4. ಕಬ್ಸ್ ಆಟಗಾರರು ರೂತ್‌ನ ಬಾಯಿಗೆ ಬಂದ ಹಾಗೆ ಬೈತಾ ಇದ್ರು, ಎರಡು ಸ್ಟ್ರೈಕ್ ಆದ್ಮೇಲೆ (ಮೂರನೇದಾದ್ರೆ ಔಟ್) ರೂತ್ ಕೈ ಎತ್ತಿ ಏನೋ ಸನ್ನೆ ಮಾಡಿದ್ರು, ಅದಾದ್ಮೇಲೆ ಚಾರ್ಲಿ ರೂಟ್ ಎಸೆದ ಬಾಲನ್ನ ಸೆಂಟರ್ ಫೀಲ್ಡ್ ಕಡೆ ಹೋಮ್ ರನ್, ಅಂದ್ರೆ ನಮ್ಮ ಸಿಕ್ಸರ್ ಥರ ಮೈದಾನದ ಆಚೆ, ಹೊಡೆದ್ರು. "ಎಲ್ಲಿಗೆ ಹೊಡೀತೀನಿ ಅಂತ ಮೊದಲೇ ಬೆರಳು ಮಾಡಿ ತೋರಿಸಿ ಹೊಡೆದ" ಅನ್ನೋ ಕಥೆ ಹುಟ್ಟಿದ್ದು ಹೀಗೆ, ಅಮೆರಿಕದಲ್ಲಿ ಇದನ್ನ ಕಾಲ್ಡ್ ಶಾಟ್ ಅಂತಾರೆ.

ರೂತ್ ನಿಜವಾಗ್ಲೂ ಜಾಗ ತೋರಿಸಿದ್ರಾ ಇಲ್ವಾ ಅನ್ನೋದು ಇವತ್ತಿಗೂ ತೀರ್ಮಾನ ಆಗಿಲ್ಲ. ಪಿಚರ್ ರೂಟ್ ಸಾಯೋವರೆಗೂ ಒಪ್ಪಲಿಲ್ಲ, ಹಾಗೆ ಮಾಡಿದ್ರೆ ಮುಂದಿನ ಬಾಲ್ ಮೈಗೇ ಎಸೀತಿದ್ದೆ ಅನ್ನೋದು ಅವರ ವಾದ. ಪ್ರೇಕ್ಷಕರೊಬ್ಬರು ಸಣ್ಣ ಕ್ಯಾಮೆರಾದಲ್ಲಿ ತೆಗೆದ ಫಿಲ್ಮ್ ಎಷ್ಟೋ ವರ್ಷ ಆದ್ಮೇಲೆ ಹೊರಗೆ ಬಂತು, ಅದರಲ್ಲಿ ಕೈ ಎತ್ತಿದ್ದು ಕಾಣತ್ತೆ, ಆದ್ರೆ ಯಾರ ಕಡೆ ಅಂತ ಸ್ಪಷ್ಟ ಆಗಲ್ಲ. ಅಂದ್ರೆ ಘಟನೆ ನಡೀತಾ ಅನ್ನೋದೇ ಚರ್ಚೆಯಲ್ಲಿದೆ, ಆದ್ರೆ ಆ ಕ್ಷಣದಲ್ಲಿ ಮೈ ಮೇಲಿದ್ದ ಜರ್ಸಿ ಇದೇ ಅನ್ನೋದಕ್ಕೆ 200 ಕೋಟಿ ಬಿತ್ತು. ದಂತಕಥೆಗೆ ಪುರಾವೆ ಬೇಕಿಲ್ಲ, ಅದಕ್ಕೆ ಅಂಟಿಕೊಂಡ ವಸ್ತುವಿಗೆ ಮಾತ್ರ ಬೇಕು.

ಹಳೇ ಕಾಲದ್ದು ಇಷ್ಟು ಕಮ್ಮಿ ಉಳಿದಿದ್ದು ಯಾಕೆ

ಈಗಿನ ಆಟಗಾರರು ವರ್ಷಕ್ಕೆ ಎಷ್ಟೋ ಜರ್ಸಿ ಹಾಕ್ತಾರೆ, ಒಂದೊಂದು ವಿಶೇಷ ಪಂದ್ಯಕ್ಕೆ ಒಂದೊಂದು. ಆಗ ಹಾಗಿರ್ಲಿಲ್ಲ. ಊರಲ್ಲಿ ಆಡೋಕೆ ಒಂದೆರಡು ಬಿಳಿ ಡ್ರೆಸ್ಸು, ಹೊರಗೆ ಆಡೋಕೆ ಒಂದೆರಡು ಬೂದು ಡ್ರೆಸ್ಸು, ಇಡೀ ಸೀಸನ್ ಅದರಲ್ಲೇ. ಬಟ್ಟೆ ಉಣ್ಣೆ ಫ್ಲಾನೆಲ್, ಬೇಸಿಗೆ ಬಿಸಿಲಲ್ಲಿ ಅದನ್ನ ತೊಟ್ಟು ಓಡೋದು, ಮಣ್ಣಲ್ಲಿ ಜಾರೋದು, ಒಗೆಯೋದು, ಮತ್ತೆ ತೊಡೋದು. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ 1970ರಲ್ಲಿ ಸಿಂಥೆಟಿಕ್ ನಿಟ್ ಬಟ್ಟೆಗೆ ಹೋಗೋವರೆಗೂ ಇದೇ ಉಣ್ಣೆ.

ಸೀಸನ್ ಮುಗಿದ್ಮೇಲೆ ಈ ಡ್ರೆಸ್ಸುಗಳನ್ನ ಯಾರೂ ಪೆಟ್ಟಿಗೇಲಿ ಎತ್ತಿಡ್ಲಿಲ್ಲ. ಮುಂದಿನ ವರ್ಷ ಪ್ರಾಕ್ಟೀಸ್‌ಗೆ ಬಳಸಿದ್ರು, ಆಮೇಲೆ ಕೆಳಗಿನ ಮೈನರ್ ಲೀಗ್ ತಂಡಗಳಿಗೆ ಕಳಿಸಿದ್ರು, ಅಲ್ಲಿ ಎದೆ ಮೇಲಿನ ಅಕ್ಷರ ಬಿಚ್ಚಿ ತಮ್ಮ ಊರಿನ ಹೆಸರು ಹೊಲಿದ್ರು, ಕಾಲರ್ ಒಳಗೆ ಇದ್ದ ಮೊದಲಿನೋನ ಹೆಸರು ಕಿತ್ತು ಬೇರೆಯೋನ ಹೆಸರು ಹಾಕಿದ್ರು. ಹರಿಯೋವರೆಗೂ ಬಳಸಿ ಎಸೆದ್ರು, ಉಳಿದಿದ್ದನ್ನ ನುಸಿ ತಿಂತು. ತಂಡದ ಮಾಲೀಕರ ದೃಷ್ಟಿಯಿಂದ ಅದು ಖರ್ಚಿನ ಬಾಬ್ತು, ಚರಿತ್ರೆ ಅಲ್ಲ.

ಇನ್ನೊಂದು ವಿಷಯ, ಯಾಂಕೀಸ್ ತಂಡ ಬೆನ್ನ ಮೇಲೆ ನಂಬರ್ ಹಾಕೋಕೆ ಶುರು ಮಾಡಿದ್ದೇ 1929ರಲ್ಲಿ. ಬ್ಯಾಟಿಂಗ್ ಆರ್ಡರ್ ಪ್ರಕಾರ ಕೊಟ್ಟಿದ್ರಿಂದ ರೂತ್‌ಗೆ 3, ಲೂ ಗೆಹ್ರಿಗ್‌ಗೆ 4. ಅದಕ್ಕೆ ಮುಂಚಿನ ಜರ್ಸಿಗಳಲ್ಲಿ ನಂಬರೂ ಇಲ್ಲ, ಬೆನ್ನ ಮೇಲೆ ಹೆಸರೂ ಇಲ್ಲ. ಟೈ ಕಾಬ್, ಹೋನಸ್ ವ್ಯಾಗ್ನರ್, ಕ್ರಿಸ್ಟಿ ಮ್ಯಾಥ್ಯೂಸನ್ ಥರದ 20ನೇ ಶತಮಾನದ ಶುರುವಿನ ದೊಡ್ಡ ಆಟಗಾರರ ಕಾಲದ ಒಂದು ಜರ್ಸಿ ಕೈಗೆ ಸಿಕ್ಕಿದ್ರೆ ಅದು ಯಾರದ್ದು ಅಂತ ಹೇಳೋಕೆ ಇರೋದು ಕಾಲರ್‌ನಲ್ಲೋ ಅಂಗಿ ತುದೀಲೋ ದಾರದಲ್ಲಿ ಹೊಲಿದ ಚಿಕ್ಕ ಹೆಸರು ಮಾತ್ರ. ಅದನ್ನ ಬಿಚ್ಚಬಹುದು, ಬಿಚ್ಚಿದ್ದನ್ನ ಮತ್ತೆ ಹೊಲೀಬಹುದು. ಮುಂದೆ ಬರೋ ಗಲಾಟೆಗಳೆಲ್ಲ ಬೇರೂರಿರೋದು ಇಲ್ಲೇ.

ಬ್ಯಾಟು ಮತ್ತು ಗ್ಲೌಸ್

ಬ್ಯಾಟಿನ ವಿಷಯ ಸ್ವಲ್ಪ ವಾಸಿ, ಕಾರಣ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿರೋ ಹಿಲರಿಕ್ ಅಂಡ್ ಬ್ರಾಡ್ಸ್‌ಬಿ ಕಂಪನಿ, ಲೂಯಿವಿಲ್ ಸ್ಲಗರ್ ಬ್ಯಾಟು ಮಾಡ್ತಿದ್ದೋರು. 1905ರಲ್ಲಿ ಹೋನಸ್ ವ್ಯಾಗ್ನರ್ ಜೊತೆ ಒಪ್ಪಂದ ಮಾಡ್ಕೊಂಡು ಅವರ ಸಹಿಯನ್ನ ಬ್ಯಾಟಿನ ಮೇಲೆ ಒತ್ತೋಕೆ ಶುರು ಮಾಡಿದ್ರು. ಯಾವ ಆಟಗಾರನಿಗೆ ಎಷ್ಟು ಉದ್ದ, ಎಷ್ಟು ತೂಕದ ಬ್ಯಾಟು ಕಳಿಸಿದ್ವಿ ಅಂತ ಕಂಪನಿ ಲೆಡ್ಜರ್ ಬರೀತಿತ್ತು, ತೀರಾ ಹಳೇ ವರ್ಷಗಳ ದಾಖಲೆ ಅರೆಬರೆ, ಆಮೇಲಿನದ್ದು ಚೆನ್ನಾಗಿದೆ. ಬ್ಯಾಟಿನ ಮಧ್ಯದಲ್ಲಿ ಸುಟ್ಟು ಒತ್ತಿದ ಕಂಪನಿ ಮುದ್ರೆ ಕಾಲಕಾಲಕ್ಕೆ ಬದಲಾಗಿದ್ರಿಂದ ಅದನ್ನ ನೋಡಿ ಯಾವ ಅವಧಿದು ಅಂತ ಅಂದಾಜು ಮಾಡಬಹುದು.

ಇದೆಲ್ಲಕ್ಕಿಂತ ಒಳ್ಳೇ ಸಾಕ್ಷಿ ಹುಟ್ಟಿದ್ದು ಯಾರೂ ಸಾಕ್ಷಿ ಅಂತ ಅಂದ್ಕೊಳ್ಳದೇ ಮಾಡಿದ ಒಂದು ಕೆಲಸದಿಂದ. ಆಟಗಾರರು ತಮಗೆ ಒಗ್ಗಿದ ಬ್ಯಾಟು ಮುರಿದ್ರೆ ಅದನ್ನೇ ಫ್ಯಾಕ್ಟರಿಗೆ ವಾಪಸ್ ಕಳಿಸಿ ಇದೇ ಥರ ಇನ್ನೊಂದು ಮಾಡ್ಕೊಡಿ ಅಂತಿದ್ರು, ಫ್ಯಾಕ್ಟರಿಯವರು ಬಂದ ಬ್ಯಾಟಿನ ಮೇಲೆ ಮೇಣದ ಪೆನ್ಸಿಲ್‌ನಲ್ಲಿ ಆಟಗಾರನ ಹೆಸರು, ಊರು, ತಾರೀಕು ಗೀಚಿ ಇಟ್ಕೋತಿದ್ರು. ಹಾಗೆ ಗೀಚಿದ ಬ್ಯಾಟುಗಳನ್ನ ಇಂಥ ವಸ್ತು ಕೂಡಿಡೋ ಕಲೆಕ್ಟರ್‌ಗಳು ಸೈಡ್ ರೈಟನ್ ಅಂತಾರೆ, ಅವಕ್ಕೆ ಈಗ ವಿಶೇಷ ಬೆಲೆ. ಆಟಗಾರರ ಅಭ್ಯಾಸಗಳೂ ಗುರುತು ಬಿಟ್ಟಿವೆ, ಕಾಬ್ ಹಿಡಿಗೆ ಟೇಪ್ ಸುತ್ತಿದ ರೀತಿ ಒಂದು, ರೂತ್ 1927ರ ಒಂದು ಬ್ಯಾಟಿನ ಮುದ್ರೆ ಸುತ್ತ ಹೊಡೆದ ಹೋಮ್ ರನ್‌ಗೊಂದರಂತೆ ಕೆತ್ತಿದ ಗೀರುಗಳು ಇನ್ನೊಂದು. ಆ ಗೀರಿನ ಬ್ಯಾಟು ಲೂಯಿವಿಲ್ ಮ್ಯೂಸಿಯಂನಲ್ಲಿದೆ.

2004ರಲ್ಲಿ ಸದಬೀಸ್ ಹರಾಜಲ್ಲಿ 12 ಲಕ್ಷ 65 ಸಾವಿರ ಡಾಲರಿಗೆ ಹೋದ ಬ್ಯಾಟು ನೋಡಿ. 1923ರ ಏಪ್ರಿಲ್ 18ಕ್ಕೆ ಯಾಂಕೀ ಸ್ಟೇಡಿಯಂ ಉದ್ಘಾಟನೆ ದಿನ ಅಲ್ಲಿನ ಮೊಟ್ಟಮೊದಲ ಹೋಮ್ ರನ್ ಹೊಡೆದ ಬ್ಯಾಟು ಅದು. ರೂತ್ ಅದರ ಮೇಲೆ ಬರೆದು ಸಹಿ ಹಾಕಿ ಲಾಸ್ ಏಂಜಲೀಸ್‌ನ ಹೈಸ್ಕೂಲ್ ಹುಡುಗರ ಹೋಮ್ ರನ್ ಸ್ಪರ್ಧೆಗೆ ಬಹುಮಾನವಾಗಿ ಕೊಟ್ಟಿದ್ರು. ಕೊಟ್ಟೋರು ಯಾರು, ಯಾವಾಗ, ಯಾಕೆ, ಗೆದ್ದೋರು ಯಾರು ಎಲ್ಲಾ ಗೊತ್ತು, ಹಾಗಾಗಿ ವಾದಕ್ಕೆ ಜಾಗ ಕಮ್ಮಿ.

ಗ್ಲೌಸ್ ಕಷ್ಟ. 1869ರಲ್ಲಿ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ಅಂತ ಎಲ್ಲಾ ಆಟಗಾರರಿಗೂ ಬಹಿರಂಗವಾಗಿ ಸಂಬಳ ಕೊಟ್ಟ ಮೊದಲ ತಂಡ ಬಂದಾಗ ಫೀಲ್ಡಿಂಗ್ ಎಲ್ಲ ಬರಿಗೈಯಲ್ಲೇ. ಗ್ಲೌಸ್ ಬಳಕೆಗೆ ಬಂದಿದ್ದು ಆಮೇಲಿನ ದಶಕಗಳಲ್ಲಿ, ಬೆರಳ ಮಧ್ಯೆ ಬಲೆ ಇರೋ ಬಿಲ್ ಡೋಕ್ ಮಾದರಿ ಬಂದಿದ್ದು 1920ರ ಸುಮಾರಿಗೆ. ಆಟಗಾರನ ಹೆಸರಿನ ಗ್ಲೌಸ್‌ಗಳು ಅಂಗಡೀಲೂ ಮಕ್ಕಳಿಗೆ ಮಾರಾಟ ಆಗ್ತಿದ್ವು, ನೂರು ವರ್ಷ ಆದ್ಮೇಲೆ ಯಾವುದು ಅಂಗಡಿದು ಯಾವುದು ಮೈದಾನದ್ದು ಅಂತ ಹೇಳೋದು ಬಹಳ ಸಲ ಆಗದ ಮಾತು.

ನಕಲಿ ಹೇಗೆ ಒಳಗೆ ಬರತ್ತೆ

ಸೈಟ್ ತಗೊಳ್ಳೋವಾಗ ಮದರ್ ಡೀಡ್‌ನಿಂದ ಇಲ್ಲಿವರೆಗೆ ಯಾರಿಂದ ಯಾರಿಗೆ ಬಂತು ಅಂತ ಪತ್ರ ಕೇಳ್ತೀವಲ್ಲ, ಇಲ್ಲೂ ಅದೇ ಕೇಳಬೇಕು. ತೊಂದ್ರೆ ಏನಂದ್ರೆ 1920ರ ಜರ್ಸಿಗೆ ರಿಜಿಸ್ಟರ್ ಆಫೀಸ್ ಇರ್ಲಿಲ್ಲ. ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್, ಪಂದ್ಯದಲ್ಲೇ ಒಬ್ಬರನ್ನ ಕೂರಿಸಿ ವಸ್ತುವಿಗೆ ಹಾಲೋಗ್ರಾಮ್ ಸ್ಟಿಕ್ಕರ್ ಹಚ್ಚೋ ಪದ್ಧತಿ ತಂದಿದ್ದು 2001ರಲ್ಲಿ. 2024ರಲ್ಲಿ ಶೋಹೇ ಒಹ್ತಾನಿ ಒಂದೇ ಸೀಸನ್‌ನಲ್ಲಿ 50 ಹೋಮ್ ರನ್, 50 ಸ್ಟೋಲನ್ ಬೇಸ್ (ಹೊಡೆತ ಇಲ್ದೇ ಓಡಿ ಮುಂದಿನ ಬೇಸ್ ಹಿಡಿಯೋದು) ಮುಟ್ಟಿದ ಬಾಲು 43.9 ಲಕ್ಷ ಡಾಲರಿಗೆ ಹೋದಾಗ ಜಗಳ ನಡೆದಿದ್ದು ಅದು ಯಾರಿಗೆ ಸೇರಬೇಕು ಅನ್ನೋದಕ್ಕೆ, ಬಾಲು ಅದೇನಾ ಅನ್ನೋದಕ್ಕಲ್ಲ. ಹಳೇ ಸಾಮಾನಿಗೆ ಆ ಅನುಕೂಲ ಇಲ್ಲ, ಮನೆಯವರ ಮಾತು, ಒಂದು ಕಾಗದ, ಒಂದು ಹೊಲಿಗೆ, ಅಷ್ಟರ ಮೇಲೆ ನಂಬಿಕೆ ನಿಲ್ಲಬೇಕು.

ಆ ನಂಬಿಕೆ ದೊಡ್ಡದಾಗಿ ಮುರಿದಿದ್ದು ಬ್ಯಾರಿ ಹಾಲ್ಪರ್ ಸಂಗ್ರಹದ ವಿಷಯದಲ್ಲಿ. ನ್ಯೂಜೆರ್ಸಿಯ ಹಾಲ್ಪರ್ ಜಗತ್ತಿನ ಅತಿ ದೊಡ್ಡ ಬೇಸ್‌ಬಾಲ್ ಸಂಗ್ರಾಹಕ ಅಂತ ಹೆಸರಾಗಿದ್ದೋರು. 1998ರಲ್ಲಿ ಅವರ ಸಂಗ್ರಹದ ಒಂದು ಭಾಗವನ್ನ ಮೇಜರ್ ಲೀಗ್ ಬೇಸ್‌ಬಾಲ್ ಕೊಂಡು ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್ ಅನ್ನೋ ಬೇಸ್‌ಬಾಲ್ ಮ್ಯೂಸಿಯಂಗೆ ಕೊಡ್ತು, ಉಳಿದಿದ್ದು 1999ರಲ್ಲಿ ಸದಬೀಸ್‌ನಲ್ಲಿ 2 ಕೋಟಿ ಡಾಲರಿಗೂ ಮೇಲೆ ಹರಾಜಾಯ್ತು. ಹಾಲ್ ಆಫ್ ಫೇಮ್‌ಗೆ ಹೋದದ್ರಲ್ಲಿ ಒಂದು ಶೂಲೆಸ್ ಜೋ ಜಾಕ್ಸನ್ 1919ರಲ್ಲಿ ಹಾಕಿದ್ದು ಅಂತ ಹೇಳಿದ ವೈಟ್ ಸಾಕ್ಸ್ ಜರ್ಸಿ. ವರ್ಷಗಟ್ಟಲೆ ಜನ ನೋಡಿದ್ರು. 2010ರ ಸುಮಾರಿಗೆ ಸಂಸ್ಥೆ ಲ್ಯಾಬ್ ಪರೀಕ್ಷೆ ಮಾಡಿಸಿದಾಗ ಅದರಲ್ಲಿರೋ ಬಣ್ಣ 1941ಕ್ಕಿಂತ ಮುಂಚೆ ಇರಲೇ ಇಲ್ಲ ಅಂತ ಗೊತ್ತಾಯ್ತು. ಹಾಲ್ಪರ್ ಅಷ್ಟು ಹೊತ್ತಿಗೆ ತೀರಿಕೊಂಡಿದ್ರು, ಅವರು ಗೊತ್ತಿದ್ದೇ ಮಾರಿದ್ರಾ ಇಲ್ಲಾ ಅವರಿಗೇ ಯಾರೋ ಟೋಪಿ ಹಾಕಿದ್ರಾ ಅನ್ನೋದು ಯಾವ ಕೋರ್ಟಲ್ಲೂ ತೀರ್ಮಾನ ಆಗಿಲ್ಲ. ಆದ್ರೆ ಪರಿಣಾಮ ನೋಡಿ, ಆ ಸಂಗ್ರಹದಿಂದ ಬಂದ ಹಳೇ ಜರ್ಸಿ ಅಂದ್ರೆ ಈಗ ಮಾರ್ಕೆಟ್‌ನಲ್ಲಿ ಹತ್ತು ಪ್ರಶ್ನೆ ಏಳತ್ತೆ, ಅದರಲ್ಲಿ ನಿಜವಾದವೂ ಇರಬಹುದು, ಅವಕ್ಕೂ ಪೆಟ್ಟು.

ಹರಾಜು ಮನೆಗಳ ಕಡೆಯಿಂದಲೂ ಮೋಸ ಆಗಿದೆ. ಆ ಕಾಲಕ್ಕೆ ದೊಡ್ಡ ಹೆಸರಾಗಿದ್ದ ಮ್ಯಾಸ್ಟ್ರೋ ಆಕ್ಷನ್ಸ್‌ನ ಮಾಲೀಕ ಬಿಲ್ ಮ್ಯಾಸ್ಟ್ರೋ 2013ರಲ್ಲಿ ತಪ್ಪೊಪ್ಪಿಕೊಂಡ್ರು, ಬೆಲೆ ಏರಿಸೋಕೆ ತಮ್ಮವರಿಂದಲೇ ಸುಳ್ಳು ಬಿಡ್ ಹಾಕಿಸಿದ್ದು, ಪ್ರಸಿದ್ಧ ಹೋನಸ್ ವ್ಯಾಗ್ನರ್ ಕಾರ್ಡಿನ ಅಂಚು ಕತ್ತರಿಸಿದ್ದು, ಎರಡನ್ನೂ ಒಪ್ಪಿಕೊಂಡ್ರು, 2015ರಲ್ಲಿ 20 ತಿಂಗಳ ಜೈಲು ಶಿಕ್ಷೆ ಆಯ್ತು. ಸರ್ಕಾರದ ಆರೋಪಪಟ್ಟಿಯಲ್ಲಿ 1869ರ ರೆಡ್ ಸ್ಟಾಕಿಂಗ್ಸ್ ಟ್ರೋಫಿ ಬಾಲು ಅಂತ ಮಾರಿದ ಒಂದು ಬಾಲಿನ ವಿಷಯನೂ ಇತ್ತು, ಅದಕ್ಕೆ ಬಳಿದ ಬಣ್ಣ ಆ ಕಾಲದ್ದಲ್ಲ ಅಂತ ಪರೀಕ್ಷೆ ಹೇಳಿದ ಮೇಲೂ ಮಾರಿದ್ರು ಅನ್ನೋ ಆರೋಪ.

ಲ್ಯಾಬ್ ಪರೀಕ್ಷೆ ಇದ್ಮೇಲೆ ಚಿಂತೆ ಏನು ಅಂತ ಅನ್ನಿಸಬಹುದು, ಆದ್ರೆ ಪರೀಕ್ಷೆ ಹೇಳೋದು "ಇದು ಆ ಕಾಲದ್ದಲ್ಲ" ಅಂತ ಮಾತ್ರ. ಅಲ್ಟ್ರಾವಯಲೆಟ್ ಬೆಳಕಲ್ಲಿ ಹೊಸ ದಾರ ಹೊಳೆಯತ್ತೆ, ಸಿಂಥೆಟಿಕ್ ನೂಲು ಸಿಕ್ಕಿಬೀಳತ್ತೆ, ಸರಿ. ಆದ್ರೆ 1925ರ ನಿಜವಾದ ಫ್ಲಾನೆಲ್ ಅಂಗಿ ತಗೊಂಡು, 1925ರದ್ದೇ ದಾರ ಹುಡುಕಿ ರೂತ್ ಅಂತ ಹೊಲಿದ್ರೆ ಲ್ಯಾಬ್‌ಗೆ ಏನೂ ಗೊತ್ತಾಗಲ್ಲ. ಯಾರೋ ಬೆಂಚಲ್ಲಿ ಕೂತ ಆಟಗಾರನ ಅಂಗಿ ರೂತ್ ಅಂಗಿ ಆಗಿಬಿಡತ್ತೆ. ಉಲ್ಟಾನೂ ಇದೆ, ನಿಜವಾದ ಅಂಗೀನ 1960ರಲ್ಲಿ ಯಾರೋ ಮನೇಲಿ ಡಿಟರ್ಜೆಂಟ್ ಹಾಕಿ ತೊಳೆದಿದ್ರೆ ಅದರಲ್ಲಿರೋ ಬಿಳುಪಿನ ಕೆಮಿಕಲ್‌ನಿಂದ ಅದೂ ಹೊಳೆದು ಅನುಮಾನಕ್ಕೆ ಬೀಳತ್ತೆ.

ಫೋಟೋ ಬಂದ್ಮೇಲೆ ಆಟವೇ ಬದಲಾಯ್ತು

ಈ ಗೋಜಲನ್ನ ಬಿಡಿಸಿದ್ದು ಫೋಟೋ ಮ್ಯಾಚಿಂಗ್. ವಸ್ತುವನ್ನ ಆ ಕಾಲದ ಫೋಟೋ ಜೊತೆ ಇಟ್ಟು ನೋಡೋದು. ಪಟ್ಟೆ ಇರೋ ಅಂಗಿ ಆದ್ರೆ ಎರಡು ತುಂಡು ಸೇರೋ ಹೊಲಿಗೇಲಿ ಪಟ್ಟೆ ಎಲ್ಲಿ ಕೂಡತ್ತೆ ಎಲ್ಲಿ ತಪ್ಪತ್ತೆ ಅನ್ನೋದು, ಎದೆ ಮೇಲಿನ ಅಕ್ಷರ ಗುಂಡಿಯಿಂದ ಎಷ್ಟು ದೂರ, ಯಾವ ಕೋನದಲ್ಲಿ ಕೂತಿದೆ ಅನ್ನೋದು. ಕೈಯಲ್ಲಿ ಕತ್ತರಿಸಿ ಹೊಲಿದ ಕಾಲ ಆದ್ರಿಂದ ಎರಡು ಅಂಗಿ ಒಂದೇ ಥರ ಬರ್ತಿರ್ಲಿಲ್ಲ. ಬ್ಯಾಟಿಗೆ ಮರದ ಎಳೆಯೇ ಗುರುತು, ಒಂದು ಮರದ ಎಳೆ ಇನ್ನೊಂದರಲ್ಲಿ ಬರಲ್ಲ.

ಹಳೇ ಫೋಟೋದಲ್ಲಿ ಅಷ್ಟು ವಿವರ ಕಾಣತ್ತಾ ಅಂದ್ರೆ ಕಾಣತ್ತೆ, ನಾವು ಅಂದ್ಕೊಂಡಿದ್ದಕ್ಕಿಂತ ಚೆನ್ನಾಗಿ. ಆಗಿನ ಫೋಟೋಗ್ರಾಫರ್‌ಗಳು, ಉದಾಹರಣೆಗೆ ಚಾರ್ಲ್ಸ್ ಕಾನ್ಲನ್, ದೊಡ್ಡ ಗಾಜಿನ ನೆಗೆಟಿವ್‌ನಲ್ಲಿ ತೆಗೀತಿದ್ರು, ಅದನ್ನ ಈಗ ಒಳ್ಳೇ ಸ್ಕ್ಯಾನರ್‌ನಲ್ಲಿ ಹಾಕಿದ್ರೆ ಒಂದೊಂದು ಹೊಲಿಗೆ ಕಾಣೋ ಅಷ್ಟು ಸ್ಪಷ್ಟ. ಬೇನ್ ನ್ಯೂಸ್ ಸರ್ವಿಸ್‌ನ ಅಂಥ ಫೋಟೋಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಯಾರು ಬೇಕಾದ್ರೂ ನೋಡೋ ಹಾಗೆ ಇವೆ. ಅಂದ್ರೆ ಸಾಕ್ಷಿ ನೂರು ವರ್ಷದಿಂದ ಅಲ್ಲೇ ಇತ್ತು, ಅದನ್ನ ಹತ್ತಿರದಿಂದ ನೋಡೋ ಸಾಧನ ಇರ್ಲಿಲ್ಲ ಅಷ್ಟೇ.

ರೂತ್‌ರ ಈ ಜರ್ಸಿ 1940ರ ಸುಮಾರಿಗೆ ಫ್ಲೋರಿಡಾದಲ್ಲಿ ಅವರ ಗಾಲ್ಫ್ ಗೆಳೆಯರೊಬ್ಬರ ಕೈಗೆ ಹೋಗಿತ್ತು, 1990ರ ದಶಕದಲ್ಲಿ ಆ ಮನೆಯಿಂದ ಹೊರಗೆ ಬಂತು. 2005ರಲ್ಲಿ ಅದನ್ನ ಮಾರೋವಾಗ ಕೊಂಡೋರು ನಂಬಬೇಕಾಗಿದ್ದು ಹೆಚ್ಚಾಗಿ ಈ ಕೈ ಬದಲಾದ ಕಥೆ ಮತ್ತು ತಜ್ಞರ ಅಭಿಪ್ರಾಯವನ್ನ. 2024ಕ್ಕೆ ಫೋಟೋ ಮ್ಯಾಚಿಂಗ್ ಸಂಸ್ಥೆ ಆ ಮೂರನೇ ಪಂದ್ಯದ ಫೋಟೋ ಜೊತೆ ತಾಳೆ ಆಗತ್ತೆ ಅಂತ ಬರೆದು ಕೊಟ್ಟಿತ್ತು, ಹರಾಜು ಆರು ಗಂಟೆಗೂ ಹೆಚ್ಚು ಹೊತ್ತು ಎಳೀತು. ಹೋಲಿಕೆಗೆ, ರೂತ್‌ರದ್ದೇ 1928ರಿಂದ 30ರ ಅವಧಿಯ ಇನ್ನೊಂದು ಯಾಂಕೀಸ್ ಜರ್ಸಿ 2019ರಲ್ಲಿ 56.4 ಲಕ್ಷ ಡಾಲರಿಗೆ ಹೋಗಿತ್ತು, 1920ರ ಸುಮಾರಿನ ಮತ್ತೊಂದು 2012ರಲ್ಲಿ 44 ಲಕ್ಷ ಡಾಲರಿಗೆ. ಆಟಗಾರ ಅದೇ, ತಂಡ ಅದೇ, ಅಪರೂಪದಲ್ಲಿ ಹೆಚ್ಚುಕಮ್ಮಿ ಒಂದೇ. ನಡುವೆ ಕೋವಿಡ್ ಸಮಯದಲ್ಲಿ ಇಡೀ ಮಾರ್ಕೆಟ್ ಏರಿತ್ತು ಅನ್ನೋದನ್ನ ಕಳೆದ್ರೂ ಇಷ್ಟು ವ್ಯತ್ಯಾಸಕ್ಕೆ ಮುಖ್ಯ ಕಾರಣ ಒಂದೇ, ಅದು "ರೂತ್ ಹಾಕಿದ್ದು", ಇದು "ರೂತ್ ಆ ದಿನ ಹಾಕಿದ್ದು".

ನಮಗೆ ಗೊತ್ತಿರೋ ಕ್ರಿಕೆಟ್‌ಗೆ ಹೋಲಿಸಿದ್ರೆ ಅಂದಾಜು ಸಿಗತ್ತೆ. ಡಾನ್ ಬ್ರಾಡ್‌ಮನ್ 1947-48ರಲ್ಲಿ ಭಾರತದ ವಿರುದ್ಧ ಹಾಕಿದ್ದ ಬ್ಯಾಗಿ ಗ್ರೀನ್ ಕ್ಯಾಪ್ 2024ರ ಡಿಸೆಂಬರ್‌ನಲ್ಲಿ ಸಿಡ್ನಿಯಲ್ಲಿ ಎಲ್ಲಾ ಸೇರಿ 4 ಲಕ್ಷ 79 ಸಾವಿರ ಆಸ್ಟ್ರೇಲಿಯನ್ ಡಾಲರಿಗೆ ಹೋಯ್ತು, ಸುಮಾರು ಎರಡೂವರೆ ಕೋಟಿ ರೂಪಾಯಿ. ರೂತ್ ಜರ್ಸಿಯ ನೂರರಲ್ಲಿ ಎರಡು ಭಾಗನೂ ಇಲ್ಲ. ಬ್ರಾಡ್‌ಮನ್ ರೂತ್‌ಗಿಂತ ಚಿಕ್ಕೋರು ಅಂತಲ್ಲ, ಅಮೆರಿಕದಲ್ಲಿ ಈ ವಸ್ತುಗಳಿಗೆ ಹರಾಜು ಮನೆ, ಆಥೆಂಟಿಕೇಶನ್ ಕಂಪನಿ, ವಿಮೆ, ಹೂಡಿಕೆದಾರರು ಅಂತ ಇಡೀ ವ್ಯವಸ್ಥೆ ಬೆಳೆದಿದೆ, ಕ್ರಿಕೆಟ್‌ಗೆ ಅದು ಬೆಳೆದಿಲ್ಲ.

ಯಾರು ಏನಂತಾರೆ

ಕಲೆಕ್ಟರ್‌ಗಳ ವಾದ ಗಟ್ಟಿಯಾಗಿದೆ, ತಳ್ಳಿಹಾಕೋ ಹಾಗಿಲ್ಲ. ತಂಡಗಳು ಎಸೆದಾಗ ಎತ್ತಿಟ್ಟೋರು ನಾವು, ಬೆಲೆ ಇಲ್ದೇ ಇದ್ದಿದ್ರೆ ಅಟ್ಟದ ಮೇಲಿದ್ದ ಇನ್ನೂ ಎಷ್ಟೋ ಅಂಗಿ ಕಸಕ್ಕೆ ಹೋಗ್ತಿತ್ತು, ಫೋಟೋ ಹುಡುಕೋ ಕೆಲಸಕ್ಕೆ ದುಡ್ಡು ಬಂದಿದ್ದೂ ಈ ಬೆಲೆಯಿಂದಲೇ ಅಂತಾರೆ. ನಿಜ.

ಚರಿತ್ರೆಕಾರರು ಮತ್ತು ಮ್ಯೂಸಿಯಂ ಕಡೆಯವರ ಸಂಕಟ ಬೇರೆ. ಹಾಲ್ ಆಫ್ ಫೇಮ್ ವಸ್ತುಗಳನ್ನ ದುಡ್ಡು ಕೊಟ್ಟು ಕೊಳ್ಳಲ್ಲ, ದಾನವಾಗಿ ಬಂದಿದ್ದನ್ನ ಇಟ್ಕೊಳ್ಳತ್ತೆ. ಒಂದು ಅಂಗಿ ನೂರಿನ್ನೂರು ಕೋಟಿ ಬಾಳತ್ತೆ ಅಂದ್ಮೇಲೆ ಆಟಗಾರನ ಮೊಮ್ಮಕ್ಕಳು ಅದನ್ನ ಸುಮ್ಮನೆ ಕೊಡ್ತಾರಾ? ಕೊಡಿ ಅಂತ ಕೇಳೋದೂ ಕಷ್ಟ. ರೂತ್ ಜರ್ಸಿ ಕೊಂಡೋರ ಹೆಸರೂ ಆಗ ಹೊರಗೆ ಬರ್ಲಿಲ್ಲ.

ಮೂರನೇ ಗುಂಪು ಹೂಡಿಕೆದಾರರು. ಇವರಿಗೆ ಇದು ಷೇರು, ಚಿನ್ನದ ಥರ ಇನ್ನೊಂದು ಆಸ್ತಿ. ಒಂದು ವಸ್ತುವನ್ನ ಸಾವಿರಾರು ಪಾಲು ಮಾಡಿ ಮಾರೋ ರ್‍ಯಾಲಿಯಂಥ ಆಪ್‌ಗಳೂ ಇವೆ. ಅಲ್ಲಿ ಪಾಲು ತಗೊಂಡೋರು ವಸ್ತುವನ್ನ ಕಣ್ಣಲ್ಲಿ ನೋಡಿರಲ್ಲ, ಸರ್ಟಿಫಿಕೇಟ್ ನಂಬಿ ದುಡ್ಡು ಹಾಕಿರ್ತಾರೆ, ಹಾಗಾಗಿ ಸರ್ಟಿಫಿಕೇಟಿನ ತೂಕ ಇನ್ನೂ ಏರತ್ತೆ.

ನನಗೆ ಅತಿ ಮುಖ್ಯ ಅನ್ನಿಸೋದು ನಾಲ್ಕನೇ ಪ್ರಶ್ನೆ, ಸರ್ಟಿಫಿಕೇಟ್ ಕೊಡೋರಿಗೆ ಫೀಸ್ ಕೊಡೋದು ಯಾರು? ಮಾರೋನು ಅಥವಾ ಹರಾಜು ಕಂಪನಿ. ಫೋಟೋ ಮ್ಯಾಚ್ ಆದ್ರೆ ಎಲ್ಲರಿಗೂ ಲಾಭ. ಆಗಲಿಲ್ಲ ಅಂದ್ರೆ ಮಾರೋನು ಆ ಫಲಿತಾಂಶವನ್ನ ಒಳಗೇ ಇಟ್ಕೊಂಡು ಬೇರೆ ಸಂಸ್ಥೆಗೆ ಹೋಗಬಹುದು, ಕೊಳ್ಳೋನಿಗೆ ಗೊತ್ತೇ ಆಗಲ್ಲ. ಕಾರ್ಡ್ ಮತ್ತು ಬ್ಯಾಟ್ ಪರೀಕ್ಷೆ ಮಾಡೋ ಪಿಎಸ್‌ಎ ಮತ್ತು ಗೋಲ್ಡಿನ್ ಅನ್ನೋ ಹರಾಜು ಮನೆ, ಎರಡೂ 2021ರಿಂದ 2024ರವರೆಗೆ ಒಂದೇ ಮಾಲೀಕ ಕಂಪನಿ ಕೈಲಿದ್ವು, ಆಮೇಲೆ ಗೋಲ್ಡಿನ್ ಇಬೇಗೆ ಹೋಯ್ತು. ಆ ಅವಧೀಲಿ ತಪ್ಪು ನಡೀತು ಅಂತ ನಾನು ಹೇಳ್ತಿಲ್ಲ, ಪರೀಕ್ಷೆ ಮಾಡೋರು ಮತ್ತು ಮಾರೋರು ಒಂದೇ ಮನೇಲಿ ಇರೋ ಏರ್ಪಾಡೇ ಸರಿಯಲ್ಲ. ತಾಳೆ ಆಗಲಿಲ್ಲ ಅನ್ನೋ ಫಲಿತಾಂಶಗಳನ್ನೂ ಎಲ್ಲರಿಗೂ ಕಾಣೋ ಹಾಗೆ ಪ್ರಕಟಿಸೋ ನಿಯಮ ಬರದ ಹೊರತು ಈ ಪದ್ಧತಿಯನ್ನ ಪೂರ್ತಿ ನಂಬೋದು ಕಷ್ಟ.

ಕತ್ತರಿ ಬಿದ್ದ ಜರ್ಸಿ

ಬೆಲೆ ಅಂದ್ರೆ ರಕ್ಷಣೆ ಅನ್ನೋ ವಾದಕ್ಕೆ ನೇರ ಉತ್ತರ 2003ರಲ್ಲೇ ಸಿಕ್ಕಿತ್ತು. ಡಾನ್‌ರಸ್ ಅನ್ನೋ ಕಾರ್ಡ್ ಕಂಪನಿ ರೂತ್‌ರ 1925ರ ಕಾಲದ ಒಂದು ಯಾಂಕೀಸ್ ಜರ್ಸೀನ 2 ಲಕ್ಷ 64 ಸಾವಿರ ಡಾಲರಿಗೆ ಕೊಂಡು, ಕತ್ತರಿಸಿ, ಚಿಕ್ಕ ಚಿಕ್ಕ ಚೂರು ಮಾಡಿ ಕಾರ್ಡುಗಳಲ್ಲಿ ಅಂಟಿಸಿ ಪ್ಯಾಕೆಟ್‌ನಲ್ಲಿ ಮಾರ್ತು. ಅದಕ್ಕೂ ಮುಂಚೆ 1999ರಲ್ಲಿ ಅಪ್ಪರ್ ಡೆಕ್ ಕಂಪನಿ ರೂತ್‌ರ ಒಂದು ಬ್ಯಾಟನ್ನ ಹೀಗೇ ಚೂರು ಮಾಡಿತ್ತು. ಕಂಪನಿಗಳು ಹೇಳಿದ್ದು, ಶ್ರೀಮಂತರ ಕಪಾಟಲ್ಲಿ ಇರೋ ಬದಲು ಸಾಮಾನ್ಯ ಅಭಿಮಾನಿಗೂ ಒಂದು ಚೂರು ಸಿಗಲಿ ಅಂತ. ಕೇಳೋಕೆ ಚೆನ್ನಾಗಿದೆ, ಆದ್ರೆ ಚೂರು ಮಾಡಿದ್ಮೇಲೆ ಪಟ್ಟೆ, ಹೊಲಿಗೆ, ಅಕ್ಷರದ ಜಾಗ ಎಲ್ಲಾ ಹೋಯ್ತು, ಇನ್ನು ಯಾವ ಫೋಟೋ ಜೊತೆಗೂ ಅದನ್ನ ಇಟ್ಟು ನೋಡೋಕೆ ಆಗಲ್ಲ. ಮುಂದೆ ಬರಬಹುದಾಗಿದ್ದ ಸಾಕ್ಷಿಯನ್ನೇ ಸುಟ್ಟ ಹಾಗಾಯ್ತು. ಆಗ ಕತ್ತರಿಸದೇ ಇದ್ದಿದ್ರೆ ಆ ಅಂಗಿ ಇವತ್ತು ಯಾವ ಪಂದ್ಯದ್ದು ಅಂತ ಗೊತ್ತಾಗ್ತಿತ್ತೇನೋ, ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ.

ಚೂರಿನ ವ್ಯಾಪಾರದಿಂದ ಇನ್ನೊಂದು ಅನಾಹುತನೂ ಆಯ್ತು. ಕಾರ್ಡ್ ಕಂಪನಿಗಳಿಗೆ ಜರ್ಸಿ ಬೇಕೇ ಬೇಕು ಅಂತಾದಾಗ ಸಪ್ಲೈ ಮಾಡೋ ಕೆಲವರು ಅಂಗಡಿ ಜರ್ಸಿಗೆ ಕೊಳೆ ಮಾಡಿ ಆಟದಲ್ಲಿ ಬಳಸಿದ್ದು ಅಂತ ಮಾರಿದ್ರು, 2011-12ರ ಸುಮಾರಿಗೆ ಅಮೆರಿಕದ ಫೆಡರಲ್ ಕೋರ್ಟಲ್ಲಿ ಹಲವರ ಮೇಲೆ ಕೇಸಾಯ್ತು. ಕಾರ್ಡಲ್ಲಿ ಚೂರಾಗಿ ಹೋದ ಮೇಲೆ ಯಾವುದು ಅಸಲಿ ಯಾವುದು ನಕಲಿ ಅಂತ ವಿಂಗಡಿಸೋರು ಯಾರು?

ಕಳ್ಳರು, ಸಣ್ಣ ಮ್ಯೂಸಿಯಂ, ಮತ್ತೆ ಯಾರೂ ಎತ್ತಿಡದ ಆಟಗಾರರು

ಬೆಲೆ ಏರಿದ್ರೆ ಕಳ್ಳರ ಕಣ್ಣೂ ಬೀಳತ್ತೆ, ಅದೂ ಕಾವಲು ಕಮ್ಮಿ ಇರೋ ಸಣ್ಣ ಜಾಗಗಳ ಮೇಲೆ. ಕ್ರಿಸ್ಟಿ ಮ್ಯಾಥ್ಯೂಸನ್ ಹುಟ್ಟೂರು ಪೆನ್ಸಿಲ್ವೇನಿಯಾದ ಫ್ಯಾಕ್ಟರಿವಿಲ್, ಅಲ್ಲಿನ ಕೀಸ್ಟೋನ್ ಕಾಲೇಜಿನಿಂದ 1999ರಲ್ಲಿ ಅವರ ಜರ್ಸಿ ಮತ್ತು ಒಪ್ಪಂದ ಪತ್ರಗಳು ಕಳುವಾದ್ವು. 2014ರಲ್ಲಿ ಯಾಂಕೀಸ್ ಆಟಗಾರ ಯೋಗಿ ಬೆರಾ ಹೆಸರಿನ ನ್ಯೂಜೆರ್ಸಿಯ ಮ್ಯೂಸಿಯಂನಿಂದ ಅವರ ವರ್ಲ್ಡ್ ಸೀರೀಸ್ ಉಂಗುರಗಳು ಹೋದ್ವು. 2023ರಲ್ಲಿ ಸರ್ಕಾರ ಒಂದೇ ಗ್ಯಾಂಗಿನ ಒಂಬತ್ತು ಜನರ ಮೇಲೆ ಎರಡು ದಶಕದ ಇಂಥ ಕಳ್ಳತನಗಳ ಕೇಸ್ ಹಾಕ್ತು. ಅದರಲ್ಲಿ ಎದೆ ಒಡೆಯೋ ವಿಷಯ ಏನಂದ್ರೆ ಉಂಗುರ, ಟ್ರೋಫಿಗಳನ್ನ ಕರಗಿಸಿ ಬರೀ ಲೋಹದ ಬೆಲೆಗೆ ಮಾರಿದ್ರು ಅನ್ನೋದು. ಗುರುತು ಇರೋ ವಸ್ತುವನ್ನ ಮಾರಿದ್ರೆ ಸಿಕ್ಕಿಬೀಳ್ತಾರೆ, ಅದಕ್ಕೆ ಗುರುತನ್ನೇ ಅಳಿಸ್ತಾರೆ.

ಇದಕ್ಕಿಂತ ನಿಧಾನವಾದ, ಕಣ್ಣಿಗೆ ಕಾಣದ ನಷ್ಟ ಇನ್ನೊಂದಿದೆ. ಮಾರ್ಕೆಟ್ ಹಣ ಹಾಕೋದು ಫೋಟೋ ಇರೋ, ಕಥೆ ಇರೋ, ದೊಡ್ಡ ಹೆಸರಿಗೆ. ಫೋಟೋ ಯಾರದ್ದು ಹೆಚ್ಚಿತ್ತು? ನ್ಯೂಯಾರ್ಕ್‌ನಂಥ ದೊಡ್ಡ ಊರಿನ, ಬಿಳಿ ಆಟಗಾರರದ್ದು. 1947ರಲ್ಲಿ ಜಾಕಿ ರಾಬಿನ್ಸನ್ ಬರೋವರೆಗೆ ದಶಕಗಳ ಕಾಲ ಕಪ್ಪು ಆಟಗಾರರಿಗೆ ಮೇಜರ್ ಲೀಗ್‌ನಲ್ಲಿ ಜಾಗವೇ ಇರ್ಲಿಲ್ಲ, ಅವರು ಆಡಿದ್ದು ನೀಗ್ರೋ ಲೀಗ್ಸ್ ಅನ್ನೋ ಬೇರೆ ಲೀಗ್‌ಗಳಲ್ಲಿ, ಬಸ್ಸಲ್ಲಿ ಊರೂರು ಸುತ್ತಿ, ಕಮ್ಮಿ ದುಡ್ಡಲ್ಲಿ, ಡ್ರೆಸ್ಸು ಹರಿಯೋವರೆಗೂ ಹಾಕಿ. 2024ರ ಮೇನಲ್ಲಿ ಮೇಜರ್ ಲೀಗ್ ಆ ಲೀಗ್‌ಗಳ ಅಂಕಿಅಂಶವನ್ನ ತನ್ನ ಅಧಿಕೃತ ದಾಖಲೆಗೆ ಸೇರಿಸ್ತು, ಜಾಶ್ ಗಿಬ್ಸನ್‌ರ ಬ್ಯಾಟಿಂಗ್ ಸರಾಸರಿ .372 (ಸಾವಿರ ಅವಕಾಶಕ್ಕೆ 372 ಹಿಟ್ ಅಂತ), ಟೈ ಕಾಬ್‌ನ ಹಿಂದಕ್ಕೆ ಹಾಕಿ ಮೊದಲ ಸ್ಥಾನಕ್ಕೆ ಬಂತು. ಆದ್ರೆ ದಾಖಲೆಯಲ್ಲಿ ಮೇಲೆ ಬಂದ ಗಿಬ್ಸನ್ ಕಾಲದ ಆ ಲೀಗ್‌ಗಳ ಜರ್ಸಿ, ಬ್ಯಾಟು ಹುಡುಕಿದ್ರೆ ಸಿಗೋದು ಬೆರಳೆಣಿಕೆ. ಕ್ಯಾನ್ಸಸ್ ಸಿಟಿಯಲ್ಲಿ 1990ರಲ್ಲಿ ಶುರುವಾದ ನೀಗ್ರೋ ಲೀಗ್ಸ್ ಮ್ಯೂಸಿಯಂ ಇದ್ದಬದ್ದದ್ದನ್ನ ಜೋಡಿಸ್ತಾ ಇದೆ. ಅಂಕಿಅಂಶವನ್ನ ಹಳೇ ಪೇಪರ್ ನೋಡಿ ಮತ್ತೆ ಕಟ್ಟಬಹುದು, ಹರಿದು ಹೋದ ಅಂಗೀನ ಕಟ್ಟೋಕಾಗಲ್ಲ.

ಮುಂದೆ ಏನಾಗಬಹುದು

ಹಳೇ ಪೇಪರ್‌ಗಳ ಫೋಟೋ ಸಂಗ್ರಹ, ಗಾಜಿನ ನೆಗೆಟಿವ್‌ಗಳು ಇನ್ನೂ ಎಷ್ಟೋ ಸ್ಕ್ಯಾನ್ ಆಗಬೇಕಿದೆ. ಆದಹಾಗೆಲ್ಲ ಈಗ ಸಾಧಾರಣ ಬೆಲೆಗೆ ಇರೋ ಒಂದಿಷ್ಟು ಅಂಗಿ, ಬ್ಯಾಟುಗಳಿಗೆ ದಿನ, ಪಂದ್ಯ ಸಿಕ್ಕಿ ಬೆಲೆ ಒಮ್ಮೆಲೇ ಏರತ್ತೆ, ಅದನ್ನ ನಂಬಿ ಈಗಲೇ ಕೊಂಡು ಕೂಡೋರೂ ಹೆಚ್ತಾರೆ. ಫೋಟೋಗಳಿಗೇ ಬೆಲೆ ಬಂದ್ರೆ ಅವೂ ಸಾರ್ವಜನಿಕರ ಕೈ ತಪ್ಪಬಹುದು, ಅದರ ಲಕ್ಷಣ ಈಗಾಗಲೇ ಕಾಣ್ತಿದೆ. ಅರ್ಕನ್ಸಾದ ಜಾನ್ ರಾಜರ್ಸ್ ಅನ್ನೋರು ಸ್ಕ್ಯಾನ್ ಮಾಡಿಕೊಡ್ತೀನಿ ಅಂತ ಹಲವು ಪತ್ರಿಕೆಗಳ ಫೋಟೋ ಭಂಡಾರಗಳನ್ನ ತಗೊಂಡು, ಕೊನೆಗೆ ವಂಚನೆ ಕೇಸಲ್ಲಿ ಜೈಲಿಗೆ ಹೋದ್ರು, ಕಾನ್ಲನ್ ನೆಗೆಟಿವ್‌ಗಳೂ ಅವರ ಕೈ ದಾಟಿ 2016ರಲ್ಲಿ ಹರಾಜಾದ್ವು.

ಉಲ್ಟಾ ಆಗೋ ಸಾಧ್ಯತೆ ಬಗ್ಗೆ ಮಾತಾಡೋರು ಕಮ್ಮಿ. ಈಗ ಅಸ್ಪಷ್ಟವಾಗಿರೋ ಫೋಟೋದ ಮೇಲೆ ನಿಂತ ಒಂದು ಮ್ಯಾಚ್, ನಾಳೆ ಅದೇ ಪಂದ್ಯದ ಸ್ಪಷ್ಟ ನೆಗೆಟಿವ್ ಸಿಕ್ಕಿದಾಗ ಬಿದ್ದುಹೋಗಬಹುದು, ಪಟ್ಟೆ ಒಂದು ನೂಲು ಆಚೆ ಇದ್ರೂ ಸಾಕು. ಆಗ ನಷ್ಟ ಯಾರ ತಲೆ ಮೇಲೆ? ಸರ್ಟಿಫಿಕೇಟ್ ಕೊಟ್ಟ ಸಂಸ್ಥೆ ಕೊಟ್ಟಿದ್ದು ಅಭಿಪ್ರಾಯ ಅಂತ ಹೇಳಬಹುದು, ಹರಾಜು ಮನೆ ಮಾರಿದ ದಿನದ ಷರತ್ತು ತೋರಿಸಬಹುದು, ಮಾರಿದೋನು ಯಾವತ್ತೋ ದುಡ್ಡು ತಗೊಂಡು ಹೋಗಿರ್ತಾನೆ. ಉಳಿಯೋದು ಕೊಂಡೋನು, ಅಥವಾ ಆಪ್‌ನಲ್ಲಿ ಪಾಲು ತಗೊಂಡ ಸಾವಿರಾರು ಚಿಕ್ಕ ಹೂಡಿಕೆದಾರರು. ಮ್ಯಾಚ್ ಮಾಡಿದ ಫೋಟೋ, ವಿಧಾನ, ಒಪ್ಪದೇ ಇದ್ದೋರ ವರದಿ ಎಲ್ಲಾ ವಸ್ತುವಿನ ಜೊತೆಗೇ ಹೋಗಬೇಕು ಅಂತ ಹರಾಜು ಕಂಪನಿಗಳು ತಾವಾಗೇ ಒಪ್ಕೊಳ್ತಾವಾ, ಇಲ್ಲಾ ಅಂಥ ಒಂದು ದೊಡ್ಡ ಮ್ಯಾಚ್ ಬಿದ್ದು ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಒಪ್ಕೊಳ್ತಾವಾ ಅನ್ನೋದೇ ಈಗ ನೋಡ್ಬೇಕಾಗಿರೋದು.